ಪುಣೆಯ ಕೇಳ್ಕರ್ ಮ್ಯೂಸಿಯಂಗೆ ಅರ್ಧ ದಿನ ಕೊಡಬಹುದಾ?

ನೀವು ಕೇಳಿದ್ದು ಇಷ್ಟು: ಪುಣೆಯಲ್ಲಿ ಅರ್ಧ ದಿನ ಬಿಡುವಿದೆ, ಜೊತೆಗೆ ವಯಸ್ಸಾದ ತಾಯಿ ಇದ್ದಾರೆ. ರಾಜಾ ದಿನಕರ ಕೇಳ್ಕರ್ ಮ್ಯೂಸಿಯಂ ಅಂದರೆ ಬರೀ ವಿಚಿತ್ರವಾದ ಹಳೆ ಸಾಮಾನು ಅಂತ ಯಾರೋ ಹೇಳಿದ್ದಾರೆ. ಹೋಗಬೇಕಾ, ಬೇಡವಾ?

ಹೋಗಿ. ತಾಯಿಯನ್ನಂತೂ ಖಂಡಿತ ಕರೆದುಕೊಂಡು ಹೋಗಿ.

ನಾನು ಪುಣೆಗೆ ಬಂದು ಹನ್ನೊಂದು ವರ್ಷ ಆಯಿತು. ಅಲ್ಲಿಗೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಗೆಳೆಯರ ಜೊತೆ ಮುಕ್ಕಾಲು ಗಂಟೆಯಲ್ಲಿ ಮುಗಿಸಿಬಿಟ್ಟೆ, ಈಗ ಅದರಲ್ಲಿ ಒಂದೂ ನೆನಪಿಲ್ಲ. ಎರಡನೇ ಸಲ ಬೈಲಹೊಂಗಲದಿಂದ ಅವ್ವ ಬಂದಿದ್ದಳು. ಅವತ್ತು ಮೂರು ತಾಸು ಹೇಗೆ ಹೋಯಿತೋ ಗೊತ್ತಾಗಲಿಲ್ಲ.

ಅಡಕೊತ್ತುಗಳ ಮುಂದೆಯೇ ಅವ್ವ ನಿಂತುಬಿಟ್ಟಳು. ನಮ್ಮ ಮನೆಯಲ್ಲಿದ್ದದ್ದು ಕಬ್ಬಿಣದ್ದು, ಬೋಳು. ಇಲ್ಲಿ ಹಿತ್ತಾಳೆಯವು ಸಾಲುಸಾಲಾಗಿ ಇವೆ. ಒಂದು ಗಿಳಿಯ ಆಕಾರ, ಒಂದು ಕುದುರೆ ಸವಾರ, ಇನ್ನೊಂದರಲ್ಲಿ ಗಂಡು ಹೆಣ್ಣಿನ ಜೋಡಿ. ಅಡಿಕೆ ಕತ್ತರಿಸೋಕೆ ಇಷ್ಟೆಲ್ಲಾ ಯಾಕೆ ಅಂತ ನಾನು ಕೇಳಿದೆ. ಅವ್ವ ಹೇಳಿದಳು, "ಬಂದವರ ಮುಂದ ಮೊದಲು ಇಡೋದು ಇದನ್ನs ಅಲ್ಲೇನು? ಎಲಿ ಅಡಿಕಿ ತಾಟಿನಾಗ ಎಲ್ಲಾರ ಕಣ್ಣಿಗೂ ಬೀಳತಿತ್ತು." ಹೌದಲ್ವಾ! ಮನೆತನದ ಅಂತಸ್ತು ಆ ತಟ್ಟೆಯಲ್ಲೇ ಕಾಣುತ್ತಿತ್ತು. ಎಲೆ ಇಡುವ ಪೆಟ್ಟಿಗೆ, ಸುಣ್ಣದ ಡಬ್ಬಿ, ಎಲ್ಲಕ್ಕೂ ಕೆತ್ತನೆ ಇರುವುದು ಅದಕ್ಕೇ.

ಆದರೆ ಅದಾದ ಮೇಲೆ ವಜ್ರಿಗಳನ್ನು ನೋಡಿದೆ. ವಜ್ರಿ ಅಂದರೆ ಸ್ನಾನ ಮಾಡುವಾಗ ಹಿಮ್ಮಡಿ ಉಜ್ಜಿಕೊಳ್ಳುವ ಸಾಮಾನು, ಮರಾಠಿಯಲ್ಲಿ ಹಾಗೇ ಕರೆಯುತ್ತಾರೆ. ಇದು ಬಚ್ಚಲಲ್ಲಿ ಇರುವಂಥದ್ದು. ಬಂದ ಅತಿಥಿ ಇದನ್ನು ಯಾವತ್ತೂ ನೋಡುವುದಿಲ್ಲ. ಅದರ ಹಿಡಿಕೆಯ ಮೇಲೂ ಹಕ್ಕಿ ಕೂತಿದೆ. ಯಾರಿಗೂ ತೋರಿಸಬೇಕಾಗಿಲ್ಲ, ಆದರೂ ಕುಶಲಕರ್ಮಿ ಹಕ್ಕಿ ಮಾಡಿದ್ದಾನೆ. ದಿನಾ ಬೆಳಿಗ್ಗೆ ಕಾಲು ತೊಳೆಯುವ ಒಬ್ಬ ಹೆಂಗಸಿಗಾಗಿ ಮಾತ್ರ. ನನಗೆ ಇಡೀ ಮ್ಯೂಸಿಯಂನಲ್ಲಿ ತುಂಬಾ ಹಿಡಿಸಿದ್ದು ಇದೇ. ಪೇಶ್ವೆಯರ ಕತ್ತಿ ಗುರಾಣಿ ಬೇರೆ ಕಡೆಯೂ ಸಿಗುತ್ತವೆ. ಬಚ್ಚಲಿನ ಹಕ್ಕಿಯನ್ನು ಯಾರು ಎತ್ತಿಡುತ್ತಾರೆ?

ಎತ್ತಿಟ್ಟವರು ದಿನಕರ ಕೇಳ್ಕರ್. ಹುಟ್ಟಿದ್ದು 1896ರಲ್ಲಿ, ತೀರಿಕೊಂಡದ್ದು 1990ರಲ್ಲಿ. ಮನೆತನದ ಕನ್ನಡಕದ ಅಂಗಡಿ ನಡೆಸುತ್ತಿದ್ದರು. 'ಅಜ್ಞಾತವಾಸಿ' ಅನ್ನೋ ಹೆಸರಲ್ಲಿ ಮರಾಠಿ ಕವಿತೆ ಬರೆಯುತ್ತಿದ್ದರು. 1920ರ ಸುಮಾರಿಗೆ ಶುರುವಾದ ಸಂಗ್ರಹ ಹತ್ತಾರು ವರ್ಷ ಬೆಳೆಯಿತು, ಹೆಂಡತಿ ಕಮಲಾಬಾಯಿ ಜೊತೆಗೇ ನಿಂತರು. ದೇಶದ ಬೇರೆ ಬೇರೆ ಕಡೆ ಸುತ್ತಿ ದೀಪ, ಬೀಗ, ಬಾಗಿಲು, ಬಾಚಣಿಗೆ, ಮಸಿಕುಡಿಕೆ ಎಲ್ಲಾ ಕೂಡಿಹಾಕಿದರು. ಜನ ಇಂಥವನ್ನು ಗುಜರಿಗೆ ಹಾಕಿ ಕರಗಿಸುತ್ತಿದ್ದ ಕಾಲ ಅದು. 1975ರಲ್ಲಿ ಇಡೀ ಸಂಗ್ರಹವನ್ನು ಮಹಾರಾಷ್ಟ್ರ ಸರ್ಕಾರಕ್ಕೆ ಕೊಟ್ಟರು. 20,000ಕ್ಕೂ ಹೆಚ್ಚು ವಸ್ತು ಇವೆ, ನಮಗೆ ನೋಡಲು ಸಿಗುವುದು ಸುಮಾರು 2,500.

ಇನ್ನೊಂದು ವಿಷಯ. ಹೆಸರಲ್ಲಿ 'ರಾಜಾ' ಇದೆಯಲ್ಲ, ಅದು ಅರಸನ ಬಿರುದು ಅಂದುಕೊಂಡಿದ್ದೆ. ಅಲ್ಲ. ರಾಜಾ ಅನ್ನೋದು ಕೇಳ್ಕರ್ ಅವರ ಒಬ್ಬನೇ ಮಗನ ಹೆಸರು, ಅವನು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಮ್ಯೂಸಿಯಂ ಅವನ ಹೆಸರಲ್ಲಿದೆ. ಇದನ್ನು ತಿಳಿದುಕೊಂಡೇ ಒಳಗೆ ಹೋಗಿ. ಅಲ್ಲಿರುವ ಮಕ್ಕಳ ಆಟಿಕೆಗಳನ್ನು ಆಗ ಸುಮ್ನೆ ದಾಟಿಕೊಂಡು ಹೋಗಲು ಆಗುವುದಿಲ್ಲ.

ಉಳಿದದ್ದು ಬೇಗ ಹೇಳುತ್ತೇನೆ. ಮಸ್ತಾನಿ ಮಹಲ್ ಅಂತ ಒಂದು ಕೋಣೆ ಇದೆ. ಮಸ್ತಾನಿ ಅಂದರೆ ಪೇಶ್ವೆ ಬಾಜೀರಾವ್‌ನ ಹೆಂಡತಿ. ಪುಣೆಯ ಕೋಥ್ರುಡ್‌ನಲ್ಲಿದ್ದ ಅವಳ ಮಹಲಿನ ಭಾಗಗಳನ್ನು ತಂದು ಇಲ್ಲಿ ಮತ್ತೆ ಜೋಡಿಸಿದ್ದಾರೆ. ಜಾಸ್ತಿ ಜನ ಅದಕ್ಕೇ ಬರುತ್ತಾರೆ. ಚೆನ್ನಾಗಿದೆ, ಆದರೆ ನನಗೆ ದೀಪಗಳೇ ಹೆಚ್ಚು. ವಾದ್ಯಗಳ ಸಂಗ್ರಹ ದೊಡ್ಡದು, ಸಂಗೀತದ ಹುಚ್ಚಿದ್ದರೆ ಅಲ್ಲೇ ಒಂದು ತಾಸು ಬೇಕು. ಮೀನಿನ ಹುರುಪೆಯಿಂದ ಮಾಡಿದ ಒಂದು ಕವಚವೂ ಇದೆ. ನಿಮಗೆ ಯಾರೋ ಹೇಳಿದ 'ವಿಚಿತ್ರ' ಅನ್ನೋ ಮಾತು ಅದಕ್ಕೆ ಬೇಕಾದರೆ ಒಪ್ಪುತ್ತದೆ.

ಜಾಗ ಶುಕ್ರವಾರ ಪೇಠೆಯಲ್ಲಿ, ಬಾಜೀರಾವ್ ರಸ್ತೆಗೆ ಹತ್ತಿಕೊಂಡೇ ಇದೆ. ನಮ್ಮ ಕಡೆಯ ಬಸ್ಸಿನಲ್ಲಿ ಬಂದು ಸ್ವಾರ್‌ಗೇಟ್‌ನಲ್ಲಿ ಇಳಿದರೆ ಅಲ್ಲಿಂದ ಆಟೋ ಹಿಡಿಯಿರಿ, ದೂರವಿಲ್ಲ. ಶನಿವಾರವಾಡಾ ನೋಡುವವರಿದ್ದರೆ ಅದೂ ಅದೇ ರಸ್ತೆಯ ಇನ್ನೊಂದು ತುದಿಗೆ. ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಹೋದರೆ ಗದ್ದಲ ಕಡಿಮೆ.

ಕಟ್ಟಡಕ್ಕೆ ಮಹಡಿಗಳಿವೆ, ಮೆಟ್ಟಿಲು ಹತ್ತಬೇಕು. ನಿಮ್ಮ ತಾಯಿಗೆ ಮೊಣಕಾಲು ನೋವಿದ್ದರೆ ಎಲ್ಲಾ ನೋಡುವ ಹಟ ಬೇಡ. ಅಡಕೊತ್ತು, ದೀಪ, ಅಡುಗೆಮನೆಯ ಸಾಮಾನು, ಇಷ್ಟಾದರೆ ಸಾಕು. ಅವರು ಎಲ್ಲಾದರೂ ನಿಂತರೆ ನೀವೂ ನಿಲ್ಲಿ. ನಮ್ಮವ್ವ ಅಡುಗೆ ಸಾಮಾನಿನ ಹತ್ತಿರ ನಿಂತು, ನಮ್ಮ ಆಯಿ (ಅಜ್ಜಿ) ಮದುವೆಗೆ ತವರಿನಿಂದ ಏನೇನು ತಂದಿದ್ದಳು ಅಂತ ಒಂದೊಂದೇ ಬೆರಳು ಮಡಚಿ ಹೇಳಿದಳು. ಅದರಲ್ಲಿ ಅರ್ಧದಷ್ಟು ಸಾಮಾನಿನ ಹೆಸರು ನಾನು ಅವತ್ತೇ ಮೊದಲ ಸಲ ಕೇಳಿದ್ದು. ಮನೆಗೆ ಬಂದವನೇ ಎಲ್ಲಾ ಬರೆದಿಟ್ಟುಕೊಂಡೆ. ನೀವು ಜೇಬಿನಲ್ಲೇ ಒಂದು ಪೆನ್ನು, ಚಿಕ್ಕ ಪುಸ್ತಕ ಇಟ್ಟುಕೊಂಡು ಹೋಗಿ.