ಕೆ1000 ಸಾಕೇ, ಎಫ್‌ಎಂ2 ಬೇಕೇ?

ಬ್ಯಾಟರಿ ಮುಗಿದರೂ ನಡೆಯುವ ಫಿಲ್ಮ್ ಕ್ಯಾಮೆರಾ ಬೇಕು, ದೇವರಾಯನದುರ್ಗ, ಮಧುಗಿರಿಗಳಿಗೆ ಒಯ್ಯಲು ಪೆಂಟಾಕ್ಸ್ ಕೆ1000 ಸಾಕೇ, ನಿಕಾನ್ ಎಫ್‌ಎಂ2ಗೆ ಹೆಚ್ಚು ಹಣ ಕೊಡಬೇಕೇ ಎಂದು ತುಮಕೂರಿನಿಂದ ಕೇಳಿದ್ದೀರಿ. ಎರಡರ ಶಟರೂ ಪೂರ್ತಿ ಯಾಂತ್ರಿಕ. ಬ್ಯಾಟರಿ ಬೇಕಾಗುವುದು ಬೆಳಕಿನ ಮೀಟರಿಗೆ ಮಾತ್ರ.

ನಿಜವಾದ ವ್ಯತ್ಯಾಸ ಶಟರ್ ವೇಗದಲ್ಲಿದೆ. ಮಧುಗಿರಿಯ ಬಂಡೆಯ ಮೇಲೆ ನಡುಹಗಲಿನ ಬಿಸಿಲಿನಲ್ಲಿ 400 ಐಎಸ್‌ಒ (ಬೆಳಕಿಗೆ ಫಿಲ್ಮ್ ಎಷ್ಟು ಸೂಕ್ಷ್ಮ ಎಂಬ ಅಳತೆ, ಅಂಕೆ ಹೆಚ್ಚಿದಷ್ಟೂ ಸೂಕ್ಷ್ಮ) ಫಿಲ್ಮ್ ಬಳಸಿದರೆ ಲೆನ್ಸಿನ ಕಿಂಡಿಯನ್ನು ಎಫ್/11ರಷ್ಟು ಕಿರಿದಾಗಿಸಿದರೂ (ಎಫ್ ಅಂಕೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಸುಮಾರು 1/1000 ಸೆಕೆಂಡ್ ಬೇಕಾಗುತ್ತದೆ, ಕೆ1000ರ ಮಿತಿಯೂ ಅಷ್ಟೇ. 1/4000ರವರೆಗೆ ಹೋಗುವ ಎಫ್‌ಎಂ2ನಲ್ಲಾದರೆ ಎಫ್/5.6ಕ್ಕೆ ತೆರೆದು ಹಿನ್ನೆಲೆಯನ್ನು ಮಸುಕಾಗಿಸಬಹುದು. ಆದರೆ 100 ಐಎಸ್‌ಒ ಫಿಲ್ಮ್ ಹಾಕಿದರೆ ಕೆ1000ರಲ್ಲೂ ಅದೇ ಎಫ್/5.6 ದಕ್ಕುತ್ತದೆ. ಹಾಗಾಗಿ ಬೆಟ್ಟ, ಕೋಟೆಗಳ ಚಿತ್ರಕ್ಕೆಂದೇ ಅಷ್ಟು ಹಣ ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಬಿಸಿಲಿನಲ್ಲಿ ಫ್ಲ್ಯಾಶ್ ಬಳಸುವವರ ಮಾತು ಬೇರೆ. ಕೆ1000ರಲ್ಲಿ ಫ್ಲ್ಯಾಶ್ 1/60ಕ್ಕಿಂತ ಹೆಚ್ಚಿನ ವೇಗಕ್ಕೆ ಹೊಂದುವುದಿಲ್ಲ.

ಕೆ1000ರ ಮೀಟರಿಗೆ ಸ್ವಿಚ್ಚೇ ಇಲ್ಲದ ಕಾರಣ, ಬಳಸದಿರುವಾಗ ಲೆನ್ಸಿಗೆ ಮುಚ್ಚಳ ಹಾಕದಿದ್ದರೆ ಬ್ಯಾಟರಿ ಸುಮ್ಮನೆ ಖರ್ಚಾಗುತ್ತದೆ.

ಯಾವುದನ್ನೇ ಕೊಂಡರೂ ಹಳೆಯ ಮಾಲು ತಾನೆ, ಹಿಂಬಾಗಿಲು ತೆರೆದು ಬೆಳಕು ಒಳಬಾರದಂತೆ ತಡೆಯುವ ಅಂಚಿನ ಕಪ್ಪು ಫೋಮ್ ಅಂಟಂಟಾಗಿದೆಯೇ ನೋಡಿ. ಆಮೇಲೆ ಒಂದು ಸೆಕೆಂಡಿನ ವೇಗಕ್ಕಿಟ್ಟು ಶಟರ್ ಒತ್ತಿ, ಅದು ನಡುವೆ ತಡವರಿಸಿದರೆ ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಮುರಿದುಕೊಂಡೇ ಮಾತನಾಡಿ.