ಆಫ್ರಿಕಾದ ಪ್ರಜಾಪ್ರಭುತ್ವವೋ, ವಲಸೆಯೋ: ಪಿಎಚ್‌.ಡಿ.ಗೆ ಯಾವುದನ್ನು ಆರಿಸಿಕೊಳ್ಳಲಿ?

ಧಾರವಾಡದಲ್ಲಿ ಇತಿಹಾಸ ಎಂ.ಎ. ಮುಗಿಸುತ್ತಿರುವ ನೀವು ಕೇಳಿರುವುದು ಇಷ್ಟು: ಆಫ್ರಿಕಾದ ಬಗ್ಗೆ ಸಂಶೋಧನೆ ಮಾಡುವ ಆಸೆಯಿದೆ, ಪ್ರಜಾಪ್ರಭುತ್ವವನ್ನು ಹಿಡಿಯಲೋ ವಲಸೆಯನ್ನೋ? ಭಾರತದಲ್ಲಿದ್ದುಕೊಂಡು ಇದನ್ನು ಮಾಡಿದರೆ ಹೊಟ್ಟೆ ತುಂಬುತ್ತದೆಯೇ?

ಹೊಟ್ಟೆಯ ಮಾತು ಆಮೇಲೆ. ಪಶ್ಚಿಮ ಆಫ್ರಿಕಾದ ಇತಿಹಾಸವನ್ನೇ ಕಸುಬು ಮಾಡಿಕೊಂಡಿರುವ ನನಗೆ ನಿಮ್ಮ ಮೊದಲ ಪ್ರಶ್ನೆಯ ಬಗ್ಗೆಯೇ ತಕರಾರಿದೆ. ಚುನಾವಣೆ ರಾಜ್ಯಶಾಸ್ತ್ರದವರ ಪಾಲಿಗೆ, ವಲಸೆ ಸಮಾಜಶಾಸ್ತ್ರದವರ ಪಾಲಿಗೆ ಎಂದು ವಿಶ್ವವಿದ್ಯಾಲಯಗಳು ಹಂಚಿಕೊಂಡಿವೆ. ಪತ್ರಾಗಾರಕ್ಕೆ ಹೋದರೆ ಎರಡೂ ಒಂದೇ ಕಡತದಲ್ಲಿ ಸಿಗುತ್ತವೆ.

ಘಾನಾವನ್ನೇ ತೆಗೆದುಕೊಳ್ಳಿ. ಆ ದೇಶದ ಮೊದಲ ಅಧ್ಯಕ್ಷ ಎನ್‌ಕ್ರುಮಾ ಅವರನ್ನು 1966ರ ಫೆಬ್ರವರಿಯಲ್ಲಿ ಸೇನೆ ಕೆಳಗಿಳಿಸಿತು. 1969ರಲ್ಲಿ ಚುನಾವಣೆ ನಡೆದು ಕೋಫಿ ಬುಸಿಯಾ ಪ್ರಧಾನಿಯಾದರು. ಬುಸಿಯಾ ಬರೀ ರಾಜಕಾರಣಿಯಲ್ಲ, ಆಕ್ಸ್‌ಫರ್ಡ್‌ನಲ್ಲಿ ಓದಿ ಬಂದ ಸಮಾಜಶಾಸ್ತ್ರಜ್ಞ. ದುಡಿಮೆ ಹುಡುಕಿಕೊಂಡು ಬಂದವರಿಂದ ಬೆಳೆದ ಸೆಕೊಂಡಿ-ತಕೊರಾಡಿ ಬಂದರು ಪಟ್ಟಣದ ಸಾಮಾಜಿಕ ಸಮೀಕ್ಷೆ ಮಾಡಿದವರು. ವಲಸಿಗರ ಬದುಕು ಅವರಷ್ಟು ಬಲ್ಲ ಪ್ರಧಾನಿ ಇನ್ನೊಬ್ಬರಿರಲಾರರು. ಅಂಥವರ ಸರ್ಕಾರ ಬಂದು ಎರಡು ತಿಂಗಳು ತುಂಬುವ ಮೊದಲೇ, ನವೆಂಬರ್ 18ರಂದು, ಆದೇಶ ಹೊರಟಿತು: ವಾಸದ ಪರವಾನಗಿ ಇಲ್ಲದ ವಿದೇಶಿಯರು ಎರಡು ವಾರದೊಳಗೆ ಅದನ್ನು ಪಡೆಯಬೇಕು, ಇಲ್ಲವೇ ದೇಶ ಬಿಡಬೇಕು. ಕುಮಾಸಿ, ತಮಾಲೆ ಪೇಟೆಗಳಲ್ಲಿ ತಲೆಮಾರುಗಳಿಂದ ಅಂಗಡಿ ಇಟ್ಟುಕೊಂಡಿದ್ದ, ನೈಜೀರಿಯಾ ಮೂಲದ ಯೊರುಬಾ ಜನಾಂಗದ ವ್ಯಾಪಾರಿಗಳು ಸಿಕ್ಕಿದ ಬೆಲೆಗೆ ಸರಕು ಮಾರಿ ಹೊರಟರು. ಕೋಕೋ ತೋಟಗಳಲ್ಲಿ ಕೂಲಿಯಾಳುಗಳು ಸಿಗದಂತಾಯಿತು.

ಹದಿನಾಲ್ಕನೇ ವರ್ಷಕ್ಕೆ ಚಕ್ರ ತಿರುಗಿತು. ತೈಲದ ದುಡ್ಡಿನಿಂದ ನೈಜೀರಿಯಾ ಕೊಬ್ಬಿದ್ದ ಕಾಲದಲ್ಲಿ ಘಾನಾದವರು ಲಕ್ಷಗಟ್ಟಲೆ ಅಲ್ಲಿಗೆ ಹೋಗಿದ್ದರು: ಮೇಷ್ಟ್ರುಗಳು, ಗಾರೆ ಕೆಲಸದವರು, ಮನೆಗೆಲಸದವರು. ಪಶ್ಚಿಮ ಆಫ್ರಿಕಾ ದೇಶಗಳ ಆರ್ಥಿಕ ಸಮುದಾಯದ 1979ರ ಒಪ್ಪಂದದಂತೆ ವೀಸಾ ಇಲ್ಲದೆ 90 ದಿನ ಇರಬಹುದಿತ್ತು. ಅವಧಿ ಮುಗಿದ ಮೇಲೂ ಉಳಿದವರನ್ನು ಯಾರೂ ಕೇಳುತ್ತಿರಲಿಲ್ಲ. ತೈಲದ ಆದಾಯ ಕುಸಿಯಿತು, ಚುನಾವಣೆ ಹತ್ತಿರ ಬಂತು, 1983ರ ಜನವರಿಯಲ್ಲಿ ನೈಜೀರಿಯಾ ಅಧ್ಯಕ್ಷ ಶೆಹು ಶಗಾರಿ ಸರ್ಕಾರಕ್ಕೆ ಆ 90 ದಿನಗಳು ನೆನಪಾದವು. ಮತ್ತೆ ಅದೇ ಎರಡು ವಾರಗಳ ಗಡುವು. ಬೆನಿನ್, ಟೋಗೋ ದಾಟಿ ಊರು ಸೇರಬೇಕು. ಟೋಗೋ ಕಡೆಯ ಗಡಿಯನ್ನು ಘಾನಾ ತಾನೇ ಮುಚ್ಚಿಕೊಂಡು ಕುಳಿತಿತ್ತು. ಅದು ತೆರೆಯುವವರೆಗೆ ಜನ ಗಂಟುಮೂಟೆ ಸಮೇತ ದಾರಿಯಲ್ಲೇ ಬಿದ್ದುಕೊಂಡಿದ್ದರು. ಅವರು ಸಾಮಾನು ತುಂಬಿಕೊಂಡ ಚೌಕಳಿ ಪ್ಲಾಸ್ಟಿಕ್ ಚೀಲಕ್ಕೆ ನೈಜೀರಿಯಾದಲ್ಲಿ ಇವತ್ತಿಗೂ ‘ಘಾನಾ ಮಸ್ಟ್ ಗೋ’ ಎಂದೇ ಹೆಸರು.

ಒಂದು ಅಂಶ ಗಮನಿಸಿ. 1972ರಲ್ಲಿ ಇದಿ ಅಮೀನ್ ಉಗಾಂಡಾದಿಂದ ಏಷ್ಯಾದವರನ್ನು ಓಡಿಸಿದ್ದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅದು ಸರ್ವಾಧಿಕಾರಿಯ ಹುಚ್ಚು ಎಂದು ಮಾತು ಮುಗಿಸುತ್ತೇವೆ. ಆದರೆ ಬುಸಿಯಾ, ಶಗಾರಿ ಇಬ್ಬರೂ ಜನರ ಮತದಿಂದ ಬಂದವರು. 1983ರಲ್ಲಿ ಹೊರಬಿದ್ದವರನ್ನು ಬರಗಾಲದ ನಡುವೆಯೂ ಬರಮಾಡಿಕೊಂಡದ್ದು ಘಾನಾದಲ್ಲಿ ಆಗ ಇದ್ದ ರಾಲಿಂಗ್ಸ್‌ ಅವರ ಸೇನಾಡಳಿತ. ಸೇನೆ ಒಳ್ಳೆಯದೆಂದು ಇದರ ಅರ್ಥವಲ್ಲ, ಆ ಕಡೆ ಜಾರಬೇಡಿ. ಮತಕ್ಕೆ ಬೆಲೆ ಬಂದಾಗ ‘ಮತದಾರ ಯಾರು, ಇಲ್ಲಿನವನು ಯಾರು’ ಎಂಬ ಜಗಳವೂ ಏಳುತ್ತದೆ ಎಂಬುದಷ್ಟೇ ನನ್ನ ವಾದ.

1990ರ ನಂತರ ಬಹುಪಕ್ಷ ಪದ್ಧತಿ ಮರಳಿದಾಗ ಇದೇ ಜಗಳ ಇನ್ನೂ ಮೇಲಕ್ಕೇರಿತು. ಜಾಂಬಿಯಾವನ್ನು 27 ವರ್ಷ ಆಳಿದ ಕೆನೆತ್ ಕೌಂಡಾ 1991ರ ಚುನಾವಣೆಯಲ್ಲಿ ಸೋತು ಮರ್ಯಾದೆಯಿಂದ ಕುರ್ಚಿ ಬಿಟ್ಟರು. 1996ರಲ್ಲಿ ಅವರ ನಂತರ ಬಂದ ಸರ್ಕಾರದವರು ಸಂವಿಧಾನವನ್ನೇ ತಿದ್ದಿ, ಅಧ್ಯಕ್ಷ ಸ್ಥಾನದ ಅಭ್ಯರ್ಥಿಯ ತಂದೆ ತಾಯಿ ಇಬ್ಬರೂ ಜಾಂಬಿಯಾ ಮೂಲದವರಾಗಿರಬೇಕು ಎಂದು ಬರೆದರು. ಕೌಂಡಾ ಅವರ ತಂದೆ ಈಗಿನ ಮಲಾವಿಯಿಂದ ಬಂದವರು. 1999ರಲ್ಲಿ ಒಂದು ನ್ಯಾಯಾಲಯ ಕೌಂಡಾ ಅವರಿಗೆ ದೇಶವೇ ಇಲ್ಲ ಎಂದಿತು! ಮೇಲಿನ ನ್ಯಾಯಾಲಯ ಆಮೇಲೆ ಅದನ್ನು ತಳ್ಳಿಹಾಕಿತೆನ್ನಿ. ಐವರಿ ಕೋಸ್ಟ್‌ನಲ್ಲಿ ಹಿಂದೆ ಪ್ರಧಾನಿಯಾಗಿದ್ದ ಅಲಸಾನ್ ಔಟ್ಟಾರಾ ಅವರನ್ನೇ ‘ಇವರ ಮೂಲ ನೆರೆಯ ಬುರ್ಕಿನಾ ಫಾಸೊ’ ಎಂದು ಚುನಾವಣೆಯಿಂದ ದೂರವಿಟ್ಟರು. ಅಲ್ಲಿ 2002ರಲ್ಲಿ ಅಂತರ್ಯುದ್ಧ ಶುರುವಾಗಲು ಆ ಹಗೆಯೂ ಒಂದು ಕಾರಣ.

ಇದು ನಿಮ್ಮ ವಿಷಯವಾದರೆ ಎಲ್ಲಿ ಹುಡುಕಬೇಕು? ಸಚಿವ ಸಂಪುಟದ ಟಿಪ್ಪಣಿಗಳಲ್ಲಿ ಸಿಗುವುದು ಕಡಿಮೆ. ಜಿಲ್ಲಾ ಕಚೇರಿಗಳ ಪತ್ರವ್ಯವಹಾರದಲ್ಲಿ ಹುಡುಕಿ. ‘ಇಲ್ಲೇ ಹುಟ್ಟಿದವನು, ಇಲ್ಲೇ ತೆರಿಗೆ ಕಟ್ಟಿದವನು’ ಎಂದು ಹಳೆಯ ರಸೀದಿಗಳನ್ನು ಲಗತ್ತಿಸಿದ ಅರ್ಜಿಗಳಿರುತ್ತವೆ, ಅಂಚಿನಲ್ಲಿ ಗುಮಾಸ್ತನ ಷರಾ ಇರುತ್ತದೆ. ಒಬ್ಬನನ್ನು ಉಳಿಸಿ ಇನ್ನೊಬ್ಬನನ್ನು ಕಳಿಸಿದ ತರ್ಕ ಆ ಷರಾದಲ್ಲಿದೆ. ಅಕ್ರಾದ ಪತ್ರಾಗಾರದಲ್ಲಿ ಚೀಟಿ ಬರೆದುಕೊಟ್ಟು ಕಾಯುವ ತಾಳ್ಮೆ ಬೇಕು. ಬೇಕಾದ ಕಡತ ‘ಸಿಗುತ್ತಿಲ್ಲ’ ಎಂದು ಬಂದರೆ ಪಕ್ಕದ ಸಂಖ್ಯೆಯ ಕಡತ ಕೇಳಿ. 1999ರಲ್ಲಿ ಶುರುವಾದ ಆಫ್ರೋಬ್ಯಾರೋಮೀಟರ್ ಜನಾಭಿಪ್ರಾಯ ಸಮೀಕ್ಷೆಗಳ ದತ್ತಾಂಶ ಉಚಿತವಾಗಿ ಸಿಗುತ್ತದೆ, ಬಳಸಿ. ಆದರೆ ಅಲ್ಲಿಂದ ಶುರು ಮಾಡಿದರೆ ಇತಿಹಾಸ ಬರೆದಂತಾಗುವುದಿಲ್ಲ.

ಇನ್ನೊಂದು ಎಚ್ಚರಿಕೆ. ಭಾರತದಲ್ಲಿ ಆಫ್ರಿಕಾ ಎಂದರೆ ‘ಭಾರತ-ಆಫ್ರಿಕಾ ಸಂಬಂಧಗಳು’ ಬರೆಯಿರಿ ಎಂದು ಎಲ್ಲರೂ ತಳ್ಳುತ್ತಾರೆ. ‘ಪ್ರಾಚೀನ ಬಾಂಧವ್ಯ’ದ ಆ ಸವಕಲು ದಾರಿ ಬೇಡ. ನಿಮಗೆ ನಂಟೇ ಬೇಕಿದ್ದರೆ ಗಟ್ಟಿಯಾದದ್ದು ನಿಮ್ಮ ಊರಲ್ಲೇ ಇದೆ. ನೈರೋಬಿಯಲ್ಲಿ ಹುಟ್ಟಿದ ಗೋವಾ ಮೂಲದ ಪಿಯೋ ಗಾಮಾ ಪಿಂಟೋ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಕೀನ್ಯಾ ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆವಾಸ ಅನುಭವಿಸಿ, ಸಂಸದರಾಗಿ, 1965ರ ಫೆಬ್ರವರಿ 24ರಂದು ಗುಂಡಿಗೆ ಬಲಿಯಾದರು. ಅವರ ಗೆಳೆಯ ಜೋಸೆಫ್ ಮುರುಂಬಿ ಓದಿದ್ದು ಬೆಂಗಳೂರು, ಬಳ್ಳಾರಿಗಳಲ್ಲಿ. ತಂದೆ ಗೋವಾದವರು, ತಾಯಿ ಪೂರ್ವ ಆಫ್ರಿಕಾದ ಮಾಸಾಯಿ ಬುಡಕಟ್ಟಿನವರು. ಅವರು 1966ರಲ್ಲಿ ಕೆಲವು ತಿಂಗಳು ಕೀನ್ಯಾದ ಉಪಾಧ್ಯಕ್ಷರಾಗಿದ್ದರು. ನೈರೋಬಿಯ ರಾಷ್ಟ್ರೀಯ ಪತ್ರಾಗಾರ ಇರುವುದು ಹಿಂದೆ ಬ್ಯಾಂಕ್ ಆಫ್ ಇಂಡಿಯಾ ಇದ್ದ ಕಟ್ಟಡದಲ್ಲಿ. ಓದುವ ಕೋಣೆಗೆ ಹೋಗುವ ಮೊದಲು ಕೆಳಗಡೆ ಮುರುಂಬಿ ಅವರ ಕಲಾಸಂಗ್ರಹ ನೋಡಬಹುದು. ಇವರಿಬ್ಬರನ್ನು ಯಾವ ದೇಶದ ಇತಿಹಾಸಕ್ಕೆ ಸೇರಿಸುತ್ತೀರಿ?

ಈಗ ಹೊಟ್ಟೆಯ ಮಾತು. ಹುದ್ದೆಗಳು ಕಡಿಮೆ. ದೆಹಲಿ ವಿಶ್ವವಿದ್ಯಾಲಯದಲ್ಲಿ 1955ರಿಂದ ಆಫ್ರಿಕಾ ಅಧ್ಯಯನ ವಿಭಾಗವಿದೆ, ಜೆಎನ್‌ಯು ಮತ್ತು ಮುಂಬೈಯಲ್ಲಿ ಕೇಂದ್ರಗಳಿವೆ. ಉಳಿದ ಕಡೆ ಜಾಹೀರಾತು ಬರುವುದು ಪ್ರಾಚೀನ, ಮಧ್ಯಕಾಲೀನ, ಆಧುನಿಕ ಭಾರತವೆಂದೇ. ಒಂದು ಸಂದರ್ಶನದಲ್ಲಿ ನನ್ನನ್ನು ‘ನಮ್ಮ ಇತಿಹಾಸ ಓದಿ ಮುಗಿಯಿತೇನು?’ ಎಂದು ಕೇಳಿದ್ದರು. ನಾನು ಈಗಲೂ ತರಗತಿಯಲ್ಲಿ ಹೆಚ್ಚಾಗಿ ಪಾಠ ಮಾಡುವುದು ವಿಜಯನಗರ ಮತ್ತು ರಾಷ್ಟ್ರೀಯ ಚಳವಳಿ. ಘಾನಾ ಇರುವುದು ರಜೆಯಲ್ಲಿ ಮತ್ತು ರಾತ್ರಿ. ಇದು ಒಗ್ಗುವುದಿಲ್ಲ ಎನ್ನುವುದಾದರೆ ಈಗಲೇ ಹಿಂದೆ ಸರಿಯುವುದು ಒಳ್ಳೆಯದು.

ಒಗ್ಗುತ್ತದೆ ಎಂದಾದರೆ ಮೊದಲು ದೇಶ ಆರಿಸಿಕೊಳ್ಳಿ, ಕೂಡಲೇ ಭಾಷೆಗೆ ಸೇರಿಕೊಳ್ಳಿ. ಫ್ರೆಂಚ್ ಬೇಡವೆಂದರೆ ಐವರಿ ಕೋಸ್ಟ್ ಮರೆತುಬಿಡಿ. ಕೀನ್ಯಾಗೆ ಸ್ವಾಹಿಲಿ ಬೇಕೇ ಬೇಕು. ಘಾನಾ ಎಂದು ತೀರ್ಮಾನಿಸಿದರೆ ಇಲ್ಲೇ ಬರೆಯಿರಿ, ಯಾವ ಕಡತ ಸರಣಿಯಿಂದ ಶುರು ಮಾಡಬೇಕೆಂದು ತಿಳಿಸುತ್ತೇನೆ.