ಸೀಟು ಸಿಕ್ಕಿತು, ಸ್ಟೈಪೆಂಡ್ ಎಲ್ಲಿ? ಪಿಎಚ್‌ಡಿ ಕುರಿತ ನಿಮ್ಮ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಎಂ.ಎ. ಮುಗಿಸಿದ್ದೇನೆ, 61 ಪರ್ಸೆಂಟ್. ಕೆ-ಸೆಟ್ ಕೂಡ ಆಗಿದೆ. 1876–78ರ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಬಳ್ಳಾರಿ ಜಿಲ್ಲೆ ಹೇಗಿತ್ತು ಎಂಬುದರ ಮೇಲೆ ಪಿಎಚ್‌ಡಿ ಮಾಡುವ ಆಸೆ. ಮನೆಯಲ್ಲಿ ‘ಸ್ಟೈಪೆಂಡ್ ಬರೋದಾದ್ರೆ ಓದು, ಇಲ್ಲಾಂದ್ರೆ ಬಿ.ಎಡ್. ಮಾಡ್ಕೊ’ ಅಂತಾರೆ. ಸೀಟು ಸಿಕ್ಕರೆ ಸ್ಟೈಪೆಂಡ್ ತಾನಾಗಿ ಬರುತ್ತದೆಯೇ ಸರ್?
– ಓದುಗಿ, ಸಿರುಗುಪ್ಪ

ಉತ್ತರ: ಇಲ್ಲಮ್ಮ, ಬರುವುದಿಲ್ಲ. ನಮ್ಮ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಸೀಟು ಕೊಡುವವರು ಒಬ್ಬರು, ದುಡ್ಡು ಕೊಡುವವರು ಇನ್ನೊಬ್ಬರು. ಪ್ರವೇಶ ಪರೀಕ್ಷೆ ಬರೆದು, ಇಂಟರ್‌ವ್ಯೂ ಮುಗಿಸಿ, ಗೈಡ್ ಸಿಕ್ಕಿ, ನೋಂದಣಿ ಶುಲ್ಕ ಕಟ್ಟಿದ ಮೇಲೂ ಖಾತೆಗೆ ಒಂದು ರೂಪಾಯಿ ಬರದವರು ಪ್ರತಿ ವಿಭಾಗದಲ್ಲೂ ಇದ್ದಾರೆ. ಪ್ರಕಟಣೆ ಬಂದಾಗ ಎಷ್ಟು ಸೀಟು ಎಂದು ಎಣಿಸುವುದಕ್ಕಿಂತ ನನಗೆ ದುಡ್ಡು ಯಾರು ಕೊಡುತ್ತಾರೆ ಎಂದು ಮೊದಲೇ ತಿಳಿದುಕೊಳ್ಳುವುದು ಲೇಸು.

ನಿಮ್ಮ ಕೆ-ಸೆಟ್ ಅಧ್ಯಾಪಕ ಹುದ್ದೆಗೆ ಅರ್ಹತೆ ಕೊಡುತ್ತದೆ, ಫೆಲೋಶಿಪ್ ಕೊಡುವುದಿಲ್ಲ. ಅದಕ್ಕೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಾದ ನೆಟ್‌ನಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಆಗಬೇಕು. 2023ರ ಜನವರಿಯಿಂದ ಜೆಆರ್‌ಎಫ್ ಮೊತ್ತ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಶಿಪ್) ಆದರೆ 42,000. ಮನೆಬಾಡಿಗೆ ಭತ್ಯೆ ಬೇರೆ. ಪರೀಕ್ಷೆ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಎರಡು ಪತ್ರಿಕೆ, 150 ಪ್ರಶ್ನೆ, ಮೂರು ತಾಸು, ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ. ಆದ್ದರಿಂದ ಒಂದನ್ನೂ ಬಿಡದೆ ಗುರುತು ಹಾಕಿ ಬನ್ನಿ. ಒಂದು ತೊಡಕಿದೆ: ಇತಿಹಾಸದ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಕನ್ನಡದಲ್ಲಿ ಎಂ.ಎ. ಬರೆದ ನಮ್ಮ ಕಡೆಯ ಮಕ್ಕಳು ಎಡವುವುದು ಇತಿಹಾಸ ಗೊತ್ತಿಲ್ಲದೆ ಅಲ್ಲ, ಪ್ರಶ್ನೆ ಅರ್ಥ ಮಾಡಿಕೊಳ್ಳುವುದರಲ್ಲೇ ಹೊತ್ತು ಹೋಗುತ್ತದೆ. ಕೋಚಿಂಗ್‌ಗೆ ಸುರಿಯುವ ದುಡ್ಡು ಉಳಿಸಿ, ಹಳೆಯ ಪ್ರಶ್ನೆಪತ್ರಿಕೆಗಳನ್ನು ಇಂಗ್ಲಿಷಿನಲ್ಲೇ ಬಿಡಿಸುತ್ತಾ ಹೋಗಿ.

ಜೆಆರ್‌ಎಫ್ ತಪ್ಪಿದರೂ ಬರೆದದ್ದು ದಂಡವಾಗುವುದಿಲ್ಲ. 2024ರ ಜೂನ್‌ನಿಂದ ನೆಟ್ ಫಲಿತಾಂಶವನ್ನು ಮೂರು ವರ್ಗ ಮಾಡಿದ್ದಾರೆ. ಜೆಆರ್‌ಎಫ್ ಆದವರಿಗೆ ಪಿಎಚ್‌ಡಿ ಪ್ರವೇಶಕ್ಕೆ ಇಂಟರ್‌ವ್ಯೂ ಸಾಕು. ಉಳಿದ ಎರಡು ವರ್ಗದವರಿಗೆ ನೆಟ್ ಅಂಕಕ್ಕೆ 70, ಇಂಟರ್‌ವ್ಯೂಗೆ 30 ಪರ್ಸೆಂಟ್ ತೂಕ, ಅಂಕಕ್ಕೆ ಒಂದು ವರ್ಷದ ಬಾಳಿಕೆ. ನಿಮ್ಮ ವಿಶ್ವವಿದ್ಯಾಲಯ ಆ ಅಂಕವನ್ನು ಪರಿಗಣಿಸುತ್ತದೆಯೋ, ತನ್ನದೇ ಪ್ರವೇಶ ಪರೀಕ್ಷೆ ಇಡುತ್ತದೆಯೋ ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಬೇಕು. ಇತಿಹಾಸದವರಿಗೆ ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತಿನ ಕಿರಿಯ ಫೆಲೋಶಿಪ್ ಇನ್ನೊಂದು ದಾರಿ. ಪಿಎಚ್‌ಡಿಗೆ ನೋಂದಣಿಯಾದ ಮೇಲೆ ಅರ್ಜಿ ಹಾಕಬೇಕು. ಅಣ್ಣತಮ್ಮಂದಿರಿಲ್ಲದ ಒಬ್ಬಳೇ ಮಗಳು ನೀವಾಗಿದ್ದರೆ ಯುಜಿಸಿಯ ಸಾವಿತ್ರಿಬಾಯಿ ಜ್ಯೋತಿರಾವ್ ಫುಲೆ ಫೆಲೋಶಿಪ್ಪನ್ನೂ ಗಮನಿಸಿ.

ಇನ್ನು ನಿಮ್ಮ ವಿಷಯ. ನನಗೆ ಬಹಳ ಹಿಡಿಸಿತು, ಆದರೆ ಖರ್ಚು ಲೆಕ್ಕ ಹಾಕಿದ್ದೀರಾ? ಬಳ್ಳಾರಿ 1953ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಬರಗಾಲದ ಕಾಲದ ಕಂದಾಯ ಕಡತಗಳಿಗೆ ನೀವು ಚೆನ್ನೈನ ಎಗ್ಮೋರ್‌ನಲ್ಲಿರುವ ಪತ್ರಾಗಾರಕ್ಕೆ ಹೋಗಿ ವಾರಗಟ್ಟಲೆ ಕೂರಬೇಕಾಗುತ್ತದೆ. ನಿಮ್ಮ ಗೆಳತಿಯೊಬ್ಬಳು ರಾಯಚೂರು ಅಥವಾ ಕೊಪ್ಪಳದ ಮೇಲೆ ಅದೇ ವಿಷಯ ಹಿಡಿದರೆ ಅವಳ ಬಸ್ಸು ಹೈದರಾಬಾದಿಗೆ. ಅಲ್ಲಿ ನಿಜಾಮರ ದಫ್ತರದ ಉರ್ದು, ಪಾರ್ಸಿ ಕಾಗದ ಓದಿಸಲು ಯಾರನ್ನಾದರೂ ಹುಡುಕಬೇಕು. ಜೆಆರ್‌ಎಫ್‌ನಲ್ಲಿ ಮಾನವಿಕ ವಿಷಯದವರಿಗೆ ಮೊದಲೆರಡು ವರ್ಷ ಸಿಗುವ ಕಂಟಿಂಜೆನ್ಸಿ (ಸಂಶೋಧನೆಯ ಇತರೆ ಖರ್ಚಿನ ಹಣ) ವರ್ಷಕ್ಕೆ 10,000 ರೂಪಾಯಿ. ಚೆನ್ನೈನ ರೂಮು ಬಾಡಿಗೆಗೆ ಅದು ಎಷ್ಟು ದಿನ ಬಂದೀತು ನೀವೇ ಯೋಚಿಸಿ. ಇದನ್ನು ಹೇಳುತ್ತಿರುವುದು ವಿಷಯ ಬಿಡಿಸಲಿಕ್ಕಲ್ಲ. ಸಂಶೋಧನೆಯ ಸಾರಾಂಶ (ಸಿನಾಪ್ಸಿಸ್) ಬರೆಯುವಾಗಲೇ ಯಾವ ತಾಲ್ಲೂಕು, ಯಾವ ವರ್ಷಗಳ ಕಡತ ಎಂದು ವಿಷಯವನ್ನು ಚಿಕ್ಕದು ಮಾಡಿಕೊಳ್ಳಿ. ಇಂಟರ್‌ವ್ಯೂನಲ್ಲಿ ಕುಳಿತವರಿಗೂ ಅದೇ ಇಷ್ಟ.

ಮನೆಯವರಿಗೆ ಇನ್ನೊಂದು ಮಾತು ಮುಂಚಿತವಾಗಿ ತಿಳಿಸಿ. ಯುಜಿಸಿ ಫೆಲೋಶಿಪ್ ಹಣ ಕೆನರಾ ಬ್ಯಾಂಕಿನ ಪೋರ್ಟಲ್ ಮೂಲಕ ನೇರ ಖಾತೆಗೆ ಬರುತ್ತದೆ, ಆದರೆ ಪ್ರತಿ ತಿಂಗಳೂ ವಿಶ್ವವಿದ್ಯಾಲಯದ ಕಚೇರಿ ನಿಮ್ಮ ಹೆಸರನ್ನು ಅಲ್ಲಿ ದೃಢೀಕರಿಸಬೇಕು. ಆ ಮೇಜಿನ ಗುಮಾಸ್ತರು ರಜೆ ಹಾಕಿದರೆ ನಿಮ್ಮ ಸ್ಟೈಪೆಂಡಿಗೂ ರಜೆ. ಮೊದಲ ಕಂತು ತಿಂಗಳುಗಟ್ಟಲೆ ತಡವಾಗುವುದುಂಟು. ಅರ್ಧ ವರ್ಷದ ಊಟ-ಹಾಸ್ಟೆಲ್ ಖರ್ಚು ಕೈಯಲ್ಲಿಟ್ಟುಕೊಂಡೇ ಸೇರಿ.

ಪ್ರಶ್ನೆ: ಅರ್ಥಶಾಸ್ತ್ರ ಎಂ.ಎ., ಪರಿಶಿಷ್ಟ ಪಂಗಡ, ವಯಸ್ಸು 32. ಜೆಆರ್‌ಎಫ್‌ಗೆ ವಯಸ್ಸು ಮೀರಿತು ಅಂತ ಗೆಳೆಯರು ಹೇಳುತ್ತಾರೆ. ನಮ್ಮೂರು ತುಂಗಭದ್ರಾ ಎಡದಂಡೆ ಕಾಲುವೆಯ ಟೇಲ್‌ಎಂಡ್ (ಕೊನೆಯ ಭಾಗ). ನೀರು ಬಾರದ ಹೊಲಗಳ ಸಾಲದ ಬಗ್ಗೆ ಅಧ್ಯಯನ ಮಾಡಬೇಕೆಂದಿದ್ದೇನೆ.
– ಓದುಗ, ಮಾನ್ವಿ

ಉತ್ತರ: ಗೆಳೆಯರ ಮಾತು ಬಿಡಿ. ಯುಜಿಸಿ ಜೆಆರ್‌ಎಫ್‌ಗೆ ಸಾಮಾನ್ಯ ಮಿತಿ 30 ವರ್ಷ. ನಿಮಗೆ ಐದು ವರ್ಷ ಸಡಿಲಿಕೆ ಇದೆ. ಎಲ್ಲ ಮಹಿಳೆಯರಿಗೂ ಇದೇ ಸಡಿಲಿಕೆ ಇದೆ, ಎಷ್ಟೋ ಜನ ಹೆಣ್ಣುಮಕ್ಕಳು ಅದು ತಿಳಿಯದೆ ಅರ್ಜಿ ಹಾಕುವುದನ್ನೇ ಬಿಟ್ಟಿದ್ದಾರೆ.

ನಿಮಗೆ ಅದಕ್ಕಿಂತ ಹತ್ತಿರದ ದಾರಿ ಕೇಂದ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ರಾಷ್ಟ್ರೀಯ ಫೆಲೋಶಿಪ್. ದೇಶಕ್ಕೆಲ್ಲ ವರ್ಷಕ್ಕೆ 750. ಆಯ್ಕೆ ಸ್ನಾತಕೋತ್ತರ ಅಂಕಗಳ ಮೇಲೆ, ನೆಟ್ ಕಡ್ಡಾಯವಲ್ಲ. ಪೂರ್ಣಾವಧಿ ಪಿಎಚ್‌ಡಿಗೆ ನೋಂದಣಿ ಆಗಿರಬೇಕು, ಅಷ್ಟೆ. ವಾಲ್ಮೀಕಿ ಸಮುದಾಯ ಇಷ್ಟು ದೊಡ್ಡದಾಗಿರುವ ರಾಯಚೂರು, ಬಳ್ಳಾರಿ ಕಡೆಯಿಂದ ಇನ್ನೂ ಹೆಚ್ಚು ಅರ್ಜಿ ಹೋಗಬೇಕು. ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತಿನ ಡಾಕ್ಟರಲ್ ಫೆಲೋಶಿಪ್ಪೂ ಇದೆ: ತಿಂಗಳಿಗೆ 20,000, ಎರಡು ವರ್ಷ. ಮೊತ್ತ ಕಡಿಮೆ ನಿಜ, ಆದರೆ ಕ್ಷೇತ್ರಕಾರ್ಯ ನಿಮ್ಮ ಮನೆಯ ಅಂಗಳದಲ್ಲೇ ಇದೆ. ಇಂತಹ ವಿಷಯಕ್ಕೆ ನಿಮ್ಮ ಬಳಿ ಇರುವ ಪರಿಚಯ, ಭಾಷೆ ಬೆಂಗಳೂರಿನವರಿಗಿರುವುದಿಲ್ಲ. ಅರ್ಜಿಯಲ್ಲಿ ಇದನ್ನು ಸಂಕೋಚವಿಲ್ಲದೆ ಬರೆಯಿರಿ.

ಪ್ರಶ್ನೆ: ಕೊಪ್ಪಳದ ಸರ್ಕಾರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಪಾಠ ಬಿಡದೆ ಪಿಎಚ್‌ಡಿ, ಜೊತೆಗೆ ಫೆಲೋಶಿಪ್ ಸಾಧ್ಯವೇ?
– ಓದುಗ, ಯಲಬುರ್ಗಾ

ಉತ್ತರ: ಪಿಎಚ್‌ಡಿ ಸಾಧ್ಯ, ಫೆಲೋಶಿಪ್ ಇಲ್ಲ. ಯುಜಿಸಿಯ 2022ರ ನಿಯಮಗಳು ಅರೆಕಾಲಿಕ ಪಿಎಚ್‌ಡಿಗೆ ಅವಕಾಶ ಕೊಟ್ಟಿವೆ. ಕೆಲಸ ಮಾಡುವ ಕಡೆಯಿಂದ ಎನ್‌ಒಸಿ (ಅಭ್ಯಂತರವಿಲ್ಲ ಎಂಬ ಪತ್ರ) ಬೇಕು. ಆದರೆ ಅತಿಥಿ ಗೌರವಧನ ಒಂದು ಕೈಯಲ್ಲಿ, ಫೆಲೋಶಿಪ್ ಇನ್ನೊಂದು ಕೈಯಲ್ಲಿ ಪಡೆಯುವಂತಿಲ್ಲ. ಸಿಕ್ಕಿಬಿದ್ದರೆ ಪಡೆದ ಹಣವನ್ನೆಲ್ಲ ವಾಪಸು ಕಟ್ಟಬೇಕಾಗುತ್ತದೆ.

ನಿಮಗೆ ಹೆಚ್ಚು ತೊಂದರೆ ಕೊಡುವುದು ಗೈಡ್ ವಿಚಾರ. ಕಾಯಂ ಅಧ್ಯಾಪಕರು ಮಾತ್ರ ಗೈಡ್ ಆಗಬಹುದು. ಪ್ರೊಫೆಸರ್‌ಗೆ ಏಕಕಾಲಕ್ಕೆ ಎಂಟು, ಸಹ ಪ್ರಾಧ್ಯಾಪಕರಿಗೆ ಆರು, ಸಹಾಯಕ ಪ್ರಾಧ್ಯಾಪಕರಿಗೆ ನಾಲ್ಕು ವಿದ್ಯಾರ್ಥಿಗಳ ಮಿತಿ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಹೊಸ ವಿಶ್ವವಿದ್ಯಾಲಯಗಳಲ್ಲಿ ಕಾಯಂ ಅಧ್ಯಾಪಕರೇ ಬೆರಳೆಣಿಕೆ, ಹಾಗಾಗಿ ಸೀಟೂ ಅಷ್ಟೇ. ಕೊಪ್ಪಳವನ್ನೊಂದೇ ನೆಚ್ಚದೆ ಬಳ್ಳಾರಿ, ಹಂಪಿ, ಕಲಬುರಗಿಯ ಪ್ರಕಟಣೆಗಳನ್ನೂ ನೋಡುತ್ತಿರಿ.

ಪ್ರಶ್ನೆ: ಎಂ.ಎಸ್ಸಿ.ಯಲ್ಲಿ ವಿಶ್ವವಿದ್ಯಾಲಯಕ್ಕೆ ಮೊದಲ ರ‍್ಯಾಂಕ್. ಒಂದು ಪ್ರಾಜೆಕ್ಟ್ ಫೆಲೋ ಹುದ್ದೆಗೆ ವಾಕ್-ಇನ್ ಕರೆದಿದ್ದಾರೆ. ಸೇರಲೇ?
– ಓದುಗಿ, ಸಂಡೂರು

ಉತ್ತರ: ಸೇರುವ ಮೊದಲು ಎರಡು ಪ್ರಶ್ನೆ ಕೇಳಿ: ಪ್ರಾಜೆಕ್ಟ್ ಇನ್ನೆಷ್ಟು ತಿಂಗಳು ಉಳಿದಿದೆ, ಅದೇ ಕೆಲಸದ ಮೇಲೆ ಪಿಎಚ್‌ಡಿ ನೋಂದಣಿಗೆ ಬಿಡುತ್ತಾರೆಯೇ. ಪ್ರಾಜೆಕ್ಟ್ ಮುಗಿದ ದಿನ ಸಂಬಳ ನಿಲ್ಲುತ್ತದೆ, ಪಿಎಚ್‌ಡಿ ನಿಲ್ಲುವುದಿಲ್ಲ. ಮೊದಲ ರ‍್ಯಾಂಕ್ ಬಂದವರಿಗೆಂದೇ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಫೆಲೋಶಿಪ್ ಇದೆ. ರ‍್ಯಾಂಕ್ ಪ್ರಮಾಣಪತ್ರಕ್ಕೆ ಇವತ್ತೇ ಅರ್ಜಿ ಕೊಡಿ. ವಯೋಮಿತಿ ಬಿಗಿಯಾಗಿದೆ, ಘಟಿಕೋತ್ಸವದವರೆಗೆ ಕಾಯಬೇಡಿ.

ಪ್ರಶ್ನೆ: ಎರಡು ಲಕ್ಷ ಕೊಟ್ಟರೆ ಸೀಟು, ಪ್ರಬಂಧ ಎಲ್ಲ ‘ಸೆಟ್’ ಮಾಡಿಕೊಡುತ್ತೇವೆ, ಒಂದೂವರೆ ವರ್ಷದಲ್ಲಿ ಡಾಕ್ಟರೇಟ್ ಅಂತ ಒಬ್ಬರು ಫೋನ್ ಮಾಡುತ್ತಿದ್ದಾರೆ.
– ಓದುಗ, ಗಂಗಾವತಿ

ಉತ್ತರ: ಕೋರ್ಸ್‌ವರ್ಕ್ (ಆರಂಭದ ತರಗತಿ ಪಾಠ) ಸೇರಿ ಪಿಎಚ್‌ಡಿಗೆ ಕನಿಷ್ಠ ಅವಧಿಯೇ ಮೂರು ವರ್ಷ. ಒಂದೂವರೆ ವರ್ಷ ಎಂದಾಗಲೇ ಸುಳ್ಳು ಬಯಲಾಯಿತು. ಪ್ರಬಂಧ ಎಲ್ಲರೂ ಓದಬಹುದಾದ ಶೋಧಗಂಗಾ ಜಾಲತಾಣಕ್ಕೆ ಏರುತ್ತದೆ. ಕದ್ದದ್ದನ್ನು ಹತ್ತು ವರ್ಷದ ನಂತರವೂ ಯಾರಾದರೂ ಹಿಡಿಯಬಹುದು. ಆ ನಂಬರ್ ಬ್ಲಾಕ್ ಮಾಡಿ, ಶುಲ್ಕ ಏನಿದ್ದರೂ ವಿಶ್ವವಿದ್ಯಾಲಯದ ಖಾತೆಗೇ ಕಟ್ಟಿ ರಸೀದಿ ಇಟ್ಟುಕೊಳ್ಳಿ.